ಕಿಡಿ ಹಚ್ಚಿದ ಗುಳ

ಕೆರಿಯಪ್ಪ ನೇಗಿಲ ಗುಳವನ್ನು ಕಂಬಳಿಯೊಳಗಿಂದ ತೆಗೆದು ಕುಲುಮೆಯ ಅಡಿಗಲ್ಲಿನ ಮೇಲಿಟ್ಟ. ಬಾಯಿಬಿಟ್ಟು ಕೇಳುವುದೇನೂ ಉಳಿದಿರಲಿಲ್ಲ. ಆದರೂ ಕನ್ನಮ್ಮ ಅದನ್ನೆತ್ತಿ, ಗೋಡೆಯ ಮೇಲೆ ಹೊಸ ಗುಳದ ಉದ್ದಕ್ಕೆ ತಾನೇ ಇದ್ದಿಲಿನಿಂದ ಎಳೆದಿಟ್ಟಿದ್ದ ಗೆರೆಗೆ ಹಿಡಿದು ನೋಡಿದಳು. ಗುಳದ ಮೂತಿ ಹೆಬ್ಬೆರಳಗಲ ಮಾಯವಾಗಿತ್ತು. ಅದೇ ಗದ್ದೆಯಲ್ಲಿ ಇನ್ನೊಂದು ನೇಗಿಲಿಗೆ ಕಟ್ಟಿದ್ದ ಅವಳ ಗಂಡನ ಅಣ್ಣ ಧರ್ಮಪ್ಪ ಬಡಿದ ಗುಳವೂ ಅಷ್ಟೇ ಸವೆದಿತ್ತು.

"ನಮ್ಮ ಮಕ್ಕಿಗದ್ದೆ ಗೊತ್ತಲ್ಲ ಅಕ್ಕ," ಎಂದ ಕೆರಿಯಪ್ಪ. "ಅರ್ಧ ಮಣ್ಣು, ಅರ್ಧ ಜಂಬಿಟ್ಟಿಗೆ ಹರಳು. ಕಬ್ಬಿಣ ತಿನ್ನೋ ಭೂಮಿ."

ಬಾಗಿಲಲ್ಲಿ ಎಲೆಯಡಿಕೆ ಜಗಿಯುತ್ತ ನಿಂತಿದ್ದ ಧರ್ಮಪ್ಪ ನಕ್ಕ. "ಕರೆಂಟಿನ ಗುಳವಂತೆ! ಎತ್ತಿಗೆ ಶಾಕ್ ಹೊಡೀಲಿಲ್ವಲ್ಲ, ಅದೇ ಪುಣ್ಯ. ನಿನ್ನ ಗುಳ ಹೆಚ್ಚು ಬಾಳಿದ್ರೆ ಕುಲುಮೆ ನಿಂದು, ಇಲ್ದಿದ್ರೆ ಅಡಿಗಲ್ಲು ನಂದು. ಒಪ್ಪಿದ್ಯೋ ಇಲ್ವೋ?"

"ಒಪ್ಪಿದ್ದೆ. ಆದ್ರೆ ಭಾವ, ಎರಡೂ ಸಮ ಸವೆದಾವೆ. ಸಮ ಆದ್ರೆ ನಾ ಸೋತಿದ್ದು ಹ್ಯಾಗೆ? ಇನ್ನೊಂದು ಗುಳ ಕಟ್ಟಿಸ್ತೀನಿ."

"ಕಟ್ಟಿಸು. ಹುಣ್ಣಿಮೆ ಮಾರನೇ ದಿನ ಗಾಡಿ ತರ್ತೀನಿ. ಅಡಿಗಲ್ಲು ಭಾರ ನೋಡು, ಹೊತ್ಕೊಂಡು ಹೋಗಕ್ಕಾಗಲ್ಲ."

ಗಂಡ ತೀರಿಕೊಂಡ ಮೇಲೆ ಸಾಗರದ ಆ ಕುಲುಮೆಯಲ್ಲಿ ಸುತ್ತಿಗೆ ಹಿಡಿದವಳು ಕನ್ನಮ್ಮನೇ. ಅಡಿಗಲ್ಲು ಹೋದರೆ ಕುಲುಮೆ ಹೋಯಿತು. ಆಮೇಲೆ ಭಾವನ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುವ ಜಾಗ ಅವಳಿಗಾಗಿ ಕಾದೇ ಇತ್ತು.

ಅವಳ ತಮ್ಮ ಹೇರಂಬ ಶರಾವತಿ ಅಣೆಕಟ್ಟಿನ ಕೆಲಸ ಮುಗಿದ ವರ್ಷ ಅಲ್ಲಿನ ವರ್ಕ್‌ಶಾಪಿನವರು ಬಿಸಾಕಿದ್ದ ಕರೆಂಟಿನ ಪೆಟ್ಟಿಗೆಯೊಂದನ್ನು ತಂದು ರಿಪೇರಿ ಮಾಡಿಕೊಟ್ಟಿದ್ದ. ಅದರ ಜೊತೆಗೆ ಬಂಡೆ ಕೊರೆಯುವ ಡ್ರಿಲ್ಲಿನ ಮುರಿದ ಹಲ್ಲು, ಕಾರ್ಬೈಡ್ ಅನ್ನುವ ಬೂದುಬಣ್ಣದ ತುಂಡು. ಅದನ್ನು ತಂತಿಯ ಹಿಡಿಕೆಗೆ ಸಿಕ್ಕಿಸಿ ಗುಳಕ್ಕೆ ಮುಟ್ಟಿಸಿದರೆ ಚಟಚಟ ಕಿಡಿ. ಒಂದೊಂದು ಕಿಡಿಗೂ ಒಂದೊಂದು ಕಣ ಕರಗಿ ಕಬ್ಬಿಣಕ್ಕೆ ಅಂಟುತ್ತಿತ್ತು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಲೇಪ. ಆದರೆ ಅದರ ಮೇಲೆ ಕಬ್ಬಿಣ ಉಜ್ಜುವ ಅರ ಹಾಕಿದರೆ ಅರ ಜಾರುತ್ತಿತ್ತು. ಅವಳೇ ಹಾಕಿ ನೋಡಿದ್ದಳು. ಅರಕ್ಕೆ ಜಗ್ಗದ್ದು ಹರಳಿಗೆ ಹೇಗೆ ಸೋತಿತು?

"ನಾ ಹೇಳಿದ ಹಾಗೇ ಮಾಡಿದ್ಯೇನೇ ಅಕ್ಕ?" ಎಂದು ಸಂಜೆ ಕುಲುಮೆಗೆ ಬಂದ ಹೇರಂಬ ಕೇಳಿದ.

"ಬಡಿದೆ, ಹದ ಕೊಟ್ಟೆ, ಕಿಡಿ ಹಚ್ಚಿದೆ. ಮತ್ತೇನಿದೆ?"

ಮತ್ತೊಂದಿತ್ತು. ಅದು ಅವಳ ಬಾಯಿಗೆ ಬರಲಿಲ್ಲ, ಯಾಕೆಂದರೆ ಅವರ ಮನೆತನದಲ್ಲಿ ಅದನ್ನು ಕೆಲಸವೆಂದು ಯಾರೂ ಎಣಿಸುತ್ತಿರಲಿಲ್ಲ. ಹೊಸ ಗುಳ ಮುಗಿದ ಮೇಲೆ ಕೊನೆಗೊಮ್ಮೆ ಕೆಂಪಗಾಗುವ ತನಕ ಕುಲುಮೆಯ ಬೆಂಕಿ ತೋರಿಸಿ, ನೀರಲ್ಲದ್ದಿ, ಅರಿಶಿನ ಕುಂಕುಮ ಹಚ್ಚಿಯೇ ರೈತನ ಕೈಗೆ ಕೊಡಬೇಕು. ಅಜ್ಜನ ಕಾಲದಿಂದ ಬಂದದ್ದು.

ಎರಡನೆಯ ಗುಳಕ್ಕೆ ಕಿಡಿ ಹಚ್ಚಿ ಮುಗಿಸಿ, ರೂಢಿಯಂತೆ ಬೆಂಕಿಗಿಟ್ಟು, ಅದ್ದಿ ತೆಗೆದಳು. ಗುಳದ ಮೈಮೇಲೆ ಹಳದಿ ಪುಡಿ. ಹೋದ ಸಲವೂ ಕಂಡಿತ್ತು. ತನ್ನ ಕೈಯ ಅರಿಶಿನವೇ ಮೆತ್ತಿದೆ ಎಂದುಕೊಂಡಿದ್ದಳು. ಆದರೆ ಈ ಸಲ ಅರಿಶಿನದ ಭರಣಿಯ ಮುಚ್ಚಳ ಇನ್ನೂ ತೆಗೆದೇ ಇರಲಿಲ್ಲ!

ಅರ ಎತ್ತಿಕೊಂಡು ಉಜ್ಜಿದಳು. ಕರ್ರೆಂದು ಕಚ್ಚಿತು. ಲೇಪವನ್ನು ಹರಳು ತಿಂದಿರಲಿಲ್ಲ, ಬೆಂಕಿ ತಿಂದಿತ್ತು; ಹಳದಿ ಪುಡಿ ಅದರ ಬೂದಿ. ತಾನೇ ಕೈಯಾರೆ ಉಣಿಸಿದ್ದಳು.

ಗುಳವನ್ನು ಮತ್ತೆ ಬಡಿದು, ಹದ ಕೊಟ್ಟು, ತಣ್ಣಗಾದ ಮೇಲೆ ಕಟ್ಟಕಡೆಗೆ ಕಿಡಿ ಹಚ್ಚಿದಳು. ಹಾಗೇ ಕೆರಿಯಪ್ಪನ ಕೈಗಿಡುವಾಗ ಧರ್ಮಪ್ಪ ತನ್ನ ಹೊಸ ಗುಳ ಹಿಡಿದು ಬಂದ.

"ಬೆಂಕಿ ತೋರಿಸ್ದೆ ಕೊಡ್ತೀಯಾ? ಮನೆತನ ಹಾಳು ಮಾಡಕ್ಕೆ ಹೊರಟ್ಯಾ?"

"ಬಡಿಯೋವಾಗ್ಲೇ ಹೊಟ್ಟೆ ತುಂಬ ಬೆಂಕಿ ಉಂಡಿದೆ ಭಾವ. ಉಂಡು ಕೈ ತೊಳೆದೋರಿಗೆ ಮತ್ತೆ ಎಲೆ ಹಾಕಲ್ಲ."

"ಅಪ್ಪ ಇದ್ದಿದ್ರೆ ನಿನ್ನ ಕೈ ಮುರೀತಿದ್ರು."

"ಮಾವ ಇದ್ದಿದ್ರೆ ಗದ್ದೆಗೆ ಹೋಗಿ ನೋಡ್ತಿದ್ರು. ನೀವು ಬಾಗಿಲಲ್ಲೇ ನಿಂತೀರಿ." ಕನ್ನಮ್ಮ ಕೆರಿಯಪ್ಪನ ಕಡೆ ತಿರುಗಿದಳು. "ತಗೊಂಡು ಹೋಗಣ್ಣ. ಕೇಡು ಬಂದ್ರೆ ನನ್ನ ತಲೆಗಿರಲಿ."

ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಧರ್ಮಪ್ಪ ಹಗ್ಗ ಸಮೇತ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ಹಿಂದೆಯೇ ಕೆರಿಯಪ್ಪ ಎರಡೂ ಗುಳ ತಂದ. ಕನ್ನಮ್ಮ ತನ್ನದನ್ನು ಗೋಡೆಯ ಗೆರೆಗೆ ಹಿಡಿದಳು. ಉಗುರಿನಷ್ಟು ಸವೆದಿತ್ತು, ಅಷ್ಟೇ. ಧರ್ಮಪ್ಪನದು ಹಿಂದಿನಂತೆಯೇ ಮೊಂಡು.

"ಬೆಂಕಿ ಕಾಣದ ಕಬ್ಬಿಣ. ನಾನು ಒಪ್ಪಲ್ಲ," ಎಂದ ಧರ್ಮಪ್ಪ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ನೀವು ಒಪ್ಪೋದು ಬೇಡ. ಗದ್ದೆ ಒಪ್ಪಿದೆ."

"ನನ್ನ ಇನ್ನೊಂದು ನೇಗಿಲಿಗೂ ಇಂಥದ್ದೇ ಬೇಕಕ್ಕ," ಎಂದು ಕೆರಿಯಪ್ಪ ಮೆಲ್ಲನೆ ಸೇರಿಸಿದ.

ಕನ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಭಾವನ ಮೊಂಡು ಗುಳವನ್ನೆತ್ತಿ ಕೆಂಡದಲ್ಲಿಟ್ಟಳು. ತಿದಿಯ ಹಗ್ಗ ಎಳೆದಳು.

"ಹಗ್ಗ ಸುತ್ತಿಟ್ಟು ಕೂತ್ಕೊಳ್ಳಿ ಭಾವ," ಎಂದಳು. "ನಿಮ್ಮದನ್ನೂ ತಟ್ಟಿ ಕೊಡ್ತೀನಿ. ಬೆಂಕಿ ತೋರಿಸಿಯೇ ಕೊಡ್ತೀನಿ."