ಕೌನ್ಸೆಲಿಂಗಿಗೆ ಮುಂಚಿನ ರಿಹರ್ಸಲ್

ಡಾಕ್ಟರ ಮುಂದೆ ಕೂತು ಕೆಮ್ಮನ್ನು ನುಂಗಿಕೊಳ್ಳುವ ಜನ ಇರುತ್ತಾರೆಯೇ ಅಂತ ಕೇಳಿದರೆ ನಮ್ಮ ಹೆಡ್‌ಮಿಸ್ ಮನೆ ಕಡೆ ಕೈ ತೋರಿಸಬೇಕು. ಮನೆ ಸರಿಹೋಗಲಿ ಅಂತ ಆನ್‌ಲೈನ್ ಕೌನ್ಸೆಲರನ್ನು ಹುಡುಕಿ ಹಿಡಿದವರೂ ಅವರೇ, ಮನೆಯಲ್ಲಿ ಏನೋ ಸರಿಯಿಲ್ಲ ಅನ್ನೋದು ಆ ಕೌನ್ಸೆಲರಿಗೆ ಗೊತ್ತಾಗಕೂಡದು ಅಂತ ಪಣ ತೊಟ್ಟವರೂ ಅವರೇ!

ಪಾಪ, ಅವರದ್ದೇನೂ ತಪ್ಪಿಲ್ಲ ಬಿಡಿ, ಅಭ್ಯಾಸಬಲ. ಶಾಲೆಗೆ ಇನ್‌ಸ್ಪೆಕ್ಷನ್ ಬರುತ್ತೆ ಅಂದರೆ ಅವರು ಮಕ್ಕಳಿಗೆ ಪಾಠ ಹೇಳಿಕೊಡೋದಿಲ್ಲ, ಕೈ ಎತ್ತೋದನ್ನು ಹೇಳಿಕೊಡ್ತಾರೆ. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಬಂದ ಸಾಹೇಬರಿಗೆ ಕಾಣೋದು ಕೈಗಳ ಕಾಡು. ಬಲಗೈಯವರಲ್ಲಿ ಒಬ್ಬರನ್ನು ಟೀಚರು ಎಬ್ಬಿಸಿದರೆ ಆಯಿತು, ಶಾಲೆಗೆ ಮೆಚ್ಚುಗೆ ಪತ್ರ. ಇಷ್ಟು ಚೆನ್ನಾಗಿ ನಡೆಯೋ ವಿದ್ಯೆಯನ್ನು ಮನೆಯಲ್ಲಿ ಯಾಕೆ ಬಳಸಬಾರದು?

ಆಗಿದ್ದಿಷ್ಟು. ಅವರ ಮಗಳು ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಒಂದು ಸಂಜೆ ಗೆಳತಿಯರೆಲ್ಲ ತನ್ನೊಬ್ಬಳನ್ನು ಬಿಟ್ಟು ಹುಟ್ಟುಹಬ್ಬಕ್ಕೆ ಹೋದರು ಅಂತ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅದಾದ ವಾರವೇ ಪೋಷಕರ ಸಭೆ. ‘ಮಕ್ಕಳ ಮನಸ್ಸನ್ನು ಅರಿಯುವುದು ಹೇಗೆ’ ಅಂತ ಹೆಡ್‌ಮಿಸ್ ಭಾಷಣ. ಉದಾಹರಣೆ ಇಲ್ಲದ ಭಾಷಣ ಸಪ್ಪೆಯಲ್ಲವೇ? ಒಬ್ಬ ಹುಡುಗಿ ಅತ್ತದ್ದನ್ನು ಅವರು ಎಷ್ಟು ಸೊಗಸಾಗಿ ವರ್ಣಿಸಿದರು ಅಂದರೆ ಮುಂದಿನ ಸಾಲಿನವರು ಕಣ್ಣು ಒರೆಸಿಕೊಂಡರು. ಚಪ್ಪಾಳೆಯೋ ಚಪ್ಪಾಳೆ. ಹುಡುಗಿಯ ಹೆಸರನ್ನಂತೂ ಹೇಳಲಿಲ್ಲ. ಮಾರನೇ ದಿನದಿಂದ ಮಗಳು ಅಮ್ಮನ ಜೊತೆ ಮಾತು ಬಿಟ್ಟಳು.

ಮಿಕ್ಕವರ ಜೊತೆ ಮಾತು ಧಾರಾಳವಾಗಿತ್ತು. ಅಮ್ಮನಿಗೆ ಏನಾದರೂ ತಿಳಿಸಬೇಕಿದ್ದರೆ ಅಜ್ಜಿಯ ಮೂಲಕ.

“ಅಜ್ಜಿ, ನಿನ್ನ ಸೊಸೆಗೆ ಹೇಳು, ನಂಗೆ ಹಸಿವಿಲ್ಲ ಅಂತ.”

ಅಮ್ಮ ಎದುರಿಗೇ ತಟ್ಟೆ ಹಿಡಿದು ನಿಂತಿರುತ್ತಿದ್ದರು. ಅಜ್ಜಿಯೂ ಕಮ್ಮಿಯಿಲ್ಲ, ತಿರುಗಿ ಅಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಇಷ್ಟು ವರ್ಷಕ್ಕೆ ಮನೆಯಲ್ಲಿ ಅವಳಿಗೊಂದು ಹುದ್ದೆ ಸಿಕ್ಕಿತ್ತು ನೋಡಿ.

ಇಡೀ ಶಾಲೆಯನ್ನು ಕಣ್ಸನ್ನೆಯಲ್ಲಿ ಕೂರಿಸುವ ಹೆಂಗಸಿಗೆ ಮಗಳ ಬಾಯಿಂದ ಒಂದು ‘ಅಮ್ಮ’ ಹೊರಡಿಸಲು ಆಗಲಿಲ್ಲ. ಗದರಿದರು, ಮುದ್ದು ಮಾಡಿದರು, ತಾವೂ ಮಾತು ಬಿಟ್ಟು ನೋಡಿದರು. ಊಹೂಂ. ಕೊನೆಗೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅಳೋದು ಶುರುವಾದ ಮೇಲೆ ಕೌನ್ಸೆಲಿಂಗಿಗೆ ಮನಸ್ಸು ಮಾಡಿದ್ದು. ಅದೂ ಆನ್‌ಲೈನೇ ಆಗಬೇಕು. ಕ್ಲಿನಿಕ್ಕಿನ ಬೆಂಚಿನ ಮೇಲೆ ಯಾರಾದರೂ ಪೋಷಕರು ನೋಡಿಬಿಟ್ಟರೆ ಮರ್ಯಾದೆ ಏನಾಗಬೇಕು?

ಗಂಡ ಹಲ್ಲಿನ ಡಾಕ್ಟರು. ದಿನವಿಡೀ ಬಾಯಿ ಕಳೆದು ಮಲಗಿದವರನ್ನು ಮಾತಾಡಿಸಿ ಮಾತಾಡಿಸಿ, ಕೇಳಿದ್ದಕ್ಕೆ ಉತ್ತರ ಬರಬೇಕು ಅನ್ನೋ ಆಸೆಯನ್ನೇ ಬಿಟ್ಟ ಮನುಷ್ಯ. ಅದಕ್ಕೇ ಸಂಸಾರ ಸುಸೂತ್ರವಾಗಿ ನಡೆದಿತ್ತು. ಮಗಳ ಜೊತೆ ಒಪ್ಪಂದ ಮಾಡಿಕೊಂಡವರು ಅವರೇ. “ನೋಡು ಪುಟ್ಟ, ಶನಿವಾರ ಆ ಕೌನ್ಸೆಲಿಂಗ್ ನಡೆಯೋವಾಗ ಮಾತ್ರ ಅಮ್ಮನ ಜೊತೆ ಮಾತಾಡು. ಮಿಕ್ಕ ದಿನ ನಿನ್ನ ತಂಟೆಗೆ ಯಾರೂ ಬರಲ್ಲ.” ಮಗಳು ತಲೆಯಾಡಿಸಿದಳು.

ಸರಿ, ಶನಿವಾರ ಬಂತೆಂದರೆ ಮಧ್ಯಾಹ್ನವೇ ರಿಹರ್ಸಲ್. ಸೋಫಾದ ಹರಿದ ಭಾಗದ ಮೇಲೆ ಅತ್ತೆಯನ್ನು ಕೂರಿಸೋದು, ಹರಕೂ ಮುಚ್ಚಿತು, ಅತ್ತೆಗೂ ಜಾಗವಾಯಿತು. ಹಿಂದೆ ಪುಸ್ತಕದ ಕಪಾಟು ಕಾಣಬೇಕು, ಒಗೆಯೋ ಬಟ್ಟೆ ರಾಶಿ ಕಾಣಬಾರದು. “ರೀ, ನಾನು ಮಾತಾಡೋವಾಗ ನೀವು ನನ್ನ ಕಡೆ ನೋಡಿ ನಗಬೇಕು. ಅಷ್ಟು ಹಲ್ಲು ಬೇಡ.”

ಮೊದಲ ಶನಿವಾರ ಪರದೆಯ ಮೇಲೆ ಕೌನ್ಸೆಲರಮ್ಮ ಮೂಡಿದರು. ಮೆತ್ತಗಿನ ದನಿಯ ಹುಡುಗಿ, ಹಿಂದೊಂದು ಹೂಕುಂಡ. “ನಿಮ್ಮನೆಯಲ್ಲಿ ಏನು ತೊಂದರೆ?” ಅಂದರು.

“ತೊಂದರೆ ಅಂತ ಏನಿಲ್ಲ,” ಅಂದರು ಹೆಡ್‌ಮಿಸ್. “ಇನ್ನೂ ಚೆನ್ನಾಗಿರೋಣ ಅಂತ.”

“ನನ್ನ ಸೊಸೆ ಹೊಟ್ಟೇಲಿ ಹುಟ್ಟಿದ ಮಗಳಿಗಿಂತ ಹೆಚ್ಚು,” ಅಂದಳು ಅತ್ತೆ, ನಾಲಿಗೆ ಒಂಚೂರೂ ತಡವರಿಸದೆ. ಗಟ್ಟಿ ಆಸಾಮಿ.

ಆಮೇಲೆ ಮಗಳು ಬಾಯಿ ಬಿಟ್ಟಳು. “ಅಮ್ಮ ನಂಗೆ ಫ್ರೆಂಡ್ ಇದ್ದ ಹಾಗೆ. ಅಲ್ವಾ ಅಮ್ಮ?” ಹೇಳಿಕೊಟ್ಟ ಮಾತೇ, ಹೆಡ್‌ಮಿಸ್ಸೇ ಹೇಳಿಕೊಟ್ಟದ್ದು, ರಿಹರ್ಸಲ್ಲಿನಲ್ಲಿ ಮಗಳು ಬರೀ ಕೇಳಿಸಿಕೊಂಡಿದ್ದಳು. ಆದರೂ ಆ ‘ಅಮ್ಮ’ ಕಿವಿಗೆ ಬಿದ್ದಾಗ ಅವರು ಕ್ಯಾಮೆರಾ ಬಿಟ್ಟು ಮಗಳ ಕಡೆ ತಿರುಗಿಬಿಟ್ಟರು. ಪರದೆ ಆರಿತು, ಮಗಳ ಮುಖವೂ ಆರಿತು, ರೂಮಿನ ಬಾಗಿಲು ಧಡಾರಂತ ಹಾಕಿಕೊಂಡಿತು.

ಅಲ್ಲಿಂದ ಹೆಡ್‌ಮಿಸ್ಸಿಗೆ ಶನಿವಾರದ್ದೇ ಜಪ. ಮಗಳ ಮಾತು ವಾರದಿಂದ ವಾರಕ್ಕೆ ಉದ್ದವಾಗುವಂತೆ ಹೇಳಿಕೊಡತೊಡಗಿದರು. ಒಂದೊಂದು ವಾಕ್ಯದಲ್ಲಿ ಎರಡೆರಡು ಸಲ ‘ಅಮ್ಮ’. ನಾಚಿಕೆಯೇ ಇಲ್ಲ ಅನ್ನಿ! ಹುಡುಗಿಯೂ ಅಷ್ಟೇ, ಎಂಥ ನಟನೆ ಅಂತೀರಿ, ಒಂದು ಸಲವಂತೂ ಅಮ್ಮನ ಭುಜಕ್ಕೆ ತಲೆಯಾನಿಸಿಬಿಟ್ಟಳು. ಆ ರಾತ್ರಿ ಹೆಡ್‌ಮಿಸ್ ಊಟವನ್ನೇ ಮರೆತರು.

ಮಾಡಿದ್ದುಣ್ಣೋ ಮಹಾರಾಯ ಅನ್ನುವ ಹಾಗೆ ಕೊನೆಗೊಂದು ಶನಿವಾರ ಕೌನ್ಸೆಲರಮ್ಮ ನಕ್ಕು, “ನಿಮ್ಮಂಥ ಕುಟುಂಬವನ್ನ ನಾನು ನೋಡೇ ಇಲ್ಲ. ಸುಮ್ಮನೆ ನಿಮ್ಮ ಸಮಯ ಹಾಳು ಮಾಡೋದ್ಯಾಕೆ? ನಿಮಗೆ ನನ್ನ ಅಗತ್ಯ ಇಲ್ಲ. ಇವತ್ತಿಗೆ ಮುಗಿಸೋಣ,” ಅಂದರು.

ನೂರಕ್ಕೆ ನೂರು! ಅತ್ತೆ ಎದೆಯುಬ್ಬಿಸಿದಳು. ಡಾಕ್ಟರು ಬೇಡ ಅಂದಷ್ಟೂ ಹಲ್ಲು ತೋರಿಸಿದರು. ಹೆಡ್‌ಮಿಸ್ ಮಾತ್ರ ದಿನ ಎಣಿಸತೊಡಗಿದರು. ನಾಳೆ ಭಾನುವಾರ, ನಾಡಿದ್ದು ಸೋಮವಾರ, ಮುಂದಿನ ಶನಿವಾರವೂ ಒಂದು ಸೋಮವಾರವೇ. ಇನ್ನು ಎಲ್ಲಿ ಕೇಳಿಸಿಕೊಳ್ಳೋದು ಆ ದನಿಯನ್ನು?

“ಮೇಡಂ, ನಿಲ್ಲಿಸಬೇಡಿ,” ಅಂದರು.

“ಯಾಕೆ? ಎಲ್ಲಾ ಚೆನ್ನಾಗಿದೆಯಲ್ಲ?”

“ಯಾವುದೂ ಚೆನ್ನಾಗಿಲ್ಲ ಮೇಡಂ. ಇದೆಲ್ಲ ನಾನು ಹೇಳಿಕೊಟ್ಟದ್ದು. ಮನೇಲಿ ಇವಳು ನನ್ನ ಮುಖ ಕೂಡ ನೋಡಲ್ಲ. ಇಲ್ಲಿ ಮಾತ್ರ ಅಮ್ಮ ಅಂತಾಳೆ. ನೀವು ನಿಲ್ಲಿಸಿದರೆ ಅದೂ ಇಲ್ಲ.” ದನಿ ಒಡೆದು ಅಳುವೇ ಬಂತು. ಇಲ್ಲಿ ನಲ್ಲಿಯ ಸದ್ದೂ ಇರಲಿಲ್ಲ.

“ಅಯ್ಯೋ, ಮಾನ ಕಳೆದಳಲ್ಲಪ್ಪ!” ಅಂದಳು ಅತ್ತೆ. ಡಾಕ್ಟರು ಕಪಾಟಿನ ಪುಸ್ತಕಗಳನ್ನು ಮೊದಲ ಸಲ ನೋಡುವವರ ಹಾಗೆ ನೋಡತೊಡಗಿದರು. ಕೌನ್ಸೆಲರಮ್ಮ ಮೆಲ್ಲಗೆ ಮಗಳನ್ನು ಕೇಳಿದರು, “ಹೌದಾ?”

“ಹೌದು,” ಅಂದಳು ಹುಡುಗಿ. “ಯಾಕೆ ಅಂತಲೂ ಹೇಳೋಕೆ ಹೇಳಿ.”

“ನಾನು ನಿನ್ನ ಹೆಸರೇ ಎತ್ತಿರಲಿಲ್ಲ ಕಣೇ...”

ಹುಡುಗಿ ಸಟ್ಟನೆ ಎದ್ದು ನಿಂತಳು. “ಹೆಸರು ಯಾಕೆ ಬೇಕು? ಇಡೀ ಕ್ಲಾಸಿಗೆ ಗೊತ್ತಾಯ್ತು! ನಾನು ಒಳಗೆ ಕಾಲಿಟ್ಟರೆ ಒಬ್ಬಳ ತೊಡೆ ಮೇಲೆ ಇನ್ನೊಬ್ಬಳು ಬಿದ್ದು ಅಮ್ಮಾ ಅಂತ ಅಳೋ ಹಾಗೆ ಮಾಡ್ತಾರೆ. ಆಮೇಲೆ ನಾನು ಅಮ್ಮ ಅಂತ ಹೇಗೆ ಕರೀಲಿ? ಅವತ್ತು ನಾನು ಅತ್ತದ್ದು ನಿನ್ನ ಹತ್ತಿರ, ಮೈಕಿನ ಹತ್ತಿರ ಅಲ್ಲ!”

ಹೆಡ್‌ಮಿಸ್ ಬಾಯಿ ತೆರೆದರು. ಯಾವ ಭಾಷಣಕ್ಕೂ ತಡವರಿಸದ ಬಾಯಿ ಅದು. “ತಪ್ಪಾಯ್ತು,” ಅನ್ನೋದೊಂದು ಹೊರಟಿತು, ಅದೂ ಅರ್ಧ.

ಅಷ್ಟರಲ್ಲಿ ಹೊತ್ತು ಮೀರಿತು ಅಂತ ಪರದೆ ತನ್ನಷ್ಟಕ್ಕೆ ಆರಿಹೋಯಿತು. ಅಪ್ಪನ ಒಪ್ಪಂದದ ಪ್ರಕಾರ ಹುಡುಗಿ ಬಾಯಿ ಮುಚ್ಚಿ ರೂಮಿಗೆ ನಡೆಯಬೇಕಿತ್ತು. ನಡೆಯಲಿಲ್ಲ. ನಿಂತಲ್ಲೇ ನಿಂತು ಕೂಗಿದಳು. ನೀನು ಯಾವಾಗಲೂ ಹೀಗೇ, ನಿಂಗೆ ಚಪ್ಪಾಳೆ ಮುಖ್ಯ, ಸೋಮವಾರದಿಂದ ನಿನ್ನ ಕಾರಲ್ಲಿ ಸ್ಕೂಲಿಗೆ ಬರಲ್ಲ, ನಿಂಗೆ ಇನ್ನೇನೂ ಹೇಳಲ್ಲ. ಹೇಳಲ್ಲ ಅಂತಲೇ ಹೊಟ್ಟೆಯೊಳಗಿದ್ದದ್ದನ್ನೆಲ್ಲ ಹೇಳಿದಳು. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಅಜ್ಜಿಗೆ ತಡೆಯಲಾಗಲಿಲ್ಲ. “ಏನೇ ಇದು, ಹೆತ್ತ ತಾಯಿ ಮುಂದೆ ಇಷ್ಟುದ್ದ ನಾಲಿಗೆ! ಮುಚ್ಚು ಬಾಯಿ!”

“ಅತ್ತೆ, ನೀವು ಸುಮ್ಮನಿರಿ,” ಅಂದರು ಹೆಡ್‌ಮಿಸ್, ಮಗಳ ಮೇಲಿಂದ ಕಣ್ಣು ತೆಗೆಯದೆ. “ಅವಳು ನನ್ನ ಜೊತೆ ಮಾತಾಡ್ತಿದ್ದಾಳೆ.”