ಹತ್ತರಿಂದ ಆರು

ಪೇಸ್‌ಮೇಕರ್ ಇಡುವ ದಿನ ಆಸ್ಪತ್ರೆಯವರು ಕೊಟ್ಟ ಫಾರಂನಲ್ಲಿ ‘ಮಲಗುವ ಸಮಯ’ ಅಂತ ಒಂದು ಖಾಲಿ ಜಾಗ ಇತ್ತು. ಬೇಕರಿ ಯಜಮಾನರ ಹೆಂಡತಿ ಅಲ್ಲಿ ದುಂಡಗೆ ಬರೆದುಬಿಟ್ಟಳು: ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಅಲ್ಲ, ಮನುಷ್ಯರಾದವರು ಇನ್ಯಾವಾಗ ಮಲಗ್ತಾರೆ? ತನ್ನ ಗಂಡ ನಲವತ್ತು ವರ್ಷದಿಂದ ಎಂಟಕ್ಕೇ ಮಲಗಿ, ಎರಡಕ್ಕೆ ಎದ್ದು ಹಿಟ್ಟು ನಾದಲು ಓಡುವ ಪ್ರಾಣಿ ಅಂತ ಡಾಕ್ಟರ ಮುಂದೆ ಹೇಳಿಕೊಳ್ಳೋಕೆ ಅವಳಿಗೆ ನಾಚಿಕೆ.

ಯಜಮಾನರ ಎದೆಯಲ್ಲಿ ಪೇಸ್‌ಮೇಕರ್ ಇಟ್ಟು ಮೂರು ತಿಂಗಳಾಯ್ತು. ಹಗಲೆಲ್ಲಾ ಗುಂಡುಕಲ್ಲಿನ ಹಾಗಿರುವ ಮನುಷ್ಯ, ಹಿಟ್ಟಿಗೆ ಕೈ ಹಾಕಿದರೆ ಏದುಸಿರು, ತಲೆಸುತ್ತು. ಇವತ್ತು ತಪಾಸಣೆ ಮುಗಿಸಿ, ನಾಳೆ ಬೇಕರಿ ಬೀಗದ ಕೈಯನ್ನು ತಮ್ಮನಿಗೆ ಕೊಟ್ಟುಬಿಡೋದು ಅಂತ ತೀರ್ಮಾನಿಸಿದ್ದರು. ತಮ್ಮ ಮಾಡುವ ಬ್ರೆಡ್ಡೋ, ಎಸೆದರೆ ನಾಯಿ ತಪ್ಪಿಸಿಕೊಂಡು ಓಡಬೇಕು.

ಪೇಸ್‌ಮೇಕರ್ ನೋಡಿಕೊಳ್ಳುವ ಟೆಕ್ನಿಷಿಯನ್ ಹುಡುಗಿ ಅವರ ಎದೆಯ ಮೇಲೊಂದು ಬಿಲ್ಲೆ ಇಟ್ಟು ಪರದೆ ನೋಡಿದಳು. “ಎಲ್ಲಾ ಚೆನ್ನಾಗಿದೆ ಸರ್. ಹಗಲು ನಿಮಿಷಕ್ಕೆ ಎಪ್ಪತ್ತು ಬಡಿತ. ಫಾರಂನಲ್ಲಿ ಬರೆದಿರೋ ಮಲಗೋ ಹೊತ್ತಲ್ಲಿ ಮಾತ್ರ ಐವತ್ತಕ್ಕೆ ಇಳಿಸುತ್ತೆ, ಹಾಯಾಗಿ ನಿದ್ದೆ ಬರಲಿ ಅಂತ.”

“ಹಾಗಾದ್ರೆ ಕೆಟ್ಟಿರೋದು ನಾನೇ,” ಅಂದರು ಯಜಮಾನರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ. “ವಯಸ್ಸಾಯ್ತು ಬಿಡಮ್ಮ. ಹಿಟ್ಟಿನ ಋಣ ತೀರಿತು.”

ಹೆಂಡತಿಗೆ ತಾನು ಫಾರಂನಲ್ಲಿ ಬರೆದದ್ದು ನೆನಪಾಯ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ! ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು. ಬಾಯಿ ಮುಚ್ಚಿಕೊಂಡಿದ್ದರೆ ಬೇಕರಿ ಹೋಗುತ್ತೆ, ಗಂಡ ಹಾಸಿಗೆಯಲ್ಲಿ ಉಳೀತಾನೆ. ಅವಳು ಇಷ್ಟು ವರ್ಷ ಬಯಸಿದ್ದೂ ಅದನ್ನೇ. ಆದರೆ ಗಂಡನ ಮುಖ ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

“ಅಮ್ಮಾ, ಇವರು ಹತ್ತಕ್ಕೆ ಮಲಗೋರಲ್ಲ! ಎಂಟಕ್ಕೆ ಮಲಗಿ ಎರಡಕ್ಕೆ ಏಳ್ತಾರೆ. ಫಾರಂನಲ್ಲಿ ನಾನೇ ಸುಳ್ಳು ಬರೆದೆ.”

ಹುಡುಗಿ ಬಾಯಿ ಬಿಟ್ಟಳು. “ಅಂದ್ರೆ ಮೂರು ತಿಂಗಳಿಂದ ಇವರು ನಿದ್ದೆಯ ಬಡಿತದಲ್ಲೇ ಹಿಟ್ಟು ನಾದಿದಾರಾ?”

“ಸಾಯೋ ಕಾಲ ಬಂತು ಅಂದ್ಕೊಂಡಿದ್ದೆ ಕಣೇ!” ಯಜಮಾನರು ಗುಡುಗಿದರು. “ಯಾಕೆ ಬರೆದೆ ಹಾಗೆ?”

“ಹೂಂ ರೀ, ಬರೆದೆ! ನಲವತ್ತು ವರ್ಷದಿಂದ ದಿನಾ ಖಾಲಿ ದಿಂಬಿನ ಮುಖ ನೋಡಿಕೊಂಡು ಎದ್ದಿದೀನಿ. ಒಂದಿನಾದ್ರೂ ನಿಮ್ಮ ಮುಖ ನೋಡೋ ಆಸೆ, ಫಾರಂನಲ್ಲಾದ್ರೂ ಈಡೇರಲಿ ಅನಿಸ್ತು. ತಪ್ಪಾ?”

ಹುಡುಗಿ ಗುಂಡಿ ಒತ್ತಿ, ನಿದ್ದೆಯ ಹೊತ್ತನ್ನು ಎಂಟರಿಂದ ಎರಡು ಅಂತ ಬದಲಾಯಿಸಿದಳು.

“ಭಾನುವಾರಕ್ಕೆ ಬೇರೆ ಟೈಮು ಇಡೋಕಾಗುತ್ತಾ?” ಯಜಮಾನರು ಮೆಲ್ಲಗೆ ಕೇಳಿದರು.

“ಇಲ್ಲ ಸರ್, ಇದಕ್ಕೆ ಎಲ್ಲಾ ದಿನವೂ ಒಂದೇ.”

“ಹೋಗಲಿ ಬಿಡು. ಅದು ಎರಡಕ್ಕೇ ಎದ್ದು ಬಡ್ಕೊಳ್ಳಲಿ. ಭಾನುವಾರ ಇವಳು ಏಳೋವರೆಗೂ ನಾನು ಏಳಲ್ಲ.”