ಟೇಪು ಜಾರಿದ ದಾರಿ

ಬಟ್ಟೆ ಹೊಲಿಯುವ ಅಕ್ಕನ ಅಂಗಡಿಯ ಗೋಡೆಗೆ ತೇವ ಹಿಡಿದಿತ್ತು. ಅದನ್ನು ಮುಚ್ಚಲೆಂದು ಇಸ್ತ್ರಿ ಮಾಡುವ ಮಾವ ಜಗತ್ತಿನ ದೊಡ್ಡ ನಕ್ಷೆಯೊಂದನ್ನು ತಂದು ಅಂಟಿಸಿದ್ದರು. ಎಡವಟ್ಟಾದದ್ದು ಅಲ್ಲೇ. ದೂರದೇಶದಲ್ಲಿರುವ ತಂಗಿಗೆ ಹೆರಿಗೆ ಹತ್ತಿರ ಬಂದಿತ್ತು. ಅವಳು ಬಾ ಎಂದು ಹಟ ಹಿಡಿದಾಗ ಅಕ್ಕ ಅಳತೆಯ ಟೇಪನ್ನು ಇಲ್ಲಿನ ವಿಮಾನ ನಿಲ್ದಾಣದಿಂದ ಅಲ್ಲಿನದಕ್ಕೆ ಎಳೆದು ನೋಡಿದಳು. ಟೇಪಿನ ಕೆಳಗೆ ಹೆಚ್ಚೂಕಡಿಮೆ ಉದ್ದಕ್ಕೂ ಸಮುದ್ರದ ನೀಲಿ.

"ಹದಿಮೂರು ಗಂಟೆ ಹಾರಾಟವಂತೆ ಮಾವ. ಅಷ್ಟು ಹೊತ್ತೂ ಸಮುದ್ರದ ಮೇಲೆ. ನನ್ನ ಕೈಲಾಗಲ್ಲ."

"ಕಿಟಕಿ ಪಕ್ಕ ಕೂರಬೇಡ, ಮುಗೀತಲ್ಲ."

"ನಾನು ನೋಡದಿದ್ರೆ ಸಮುದ್ರ ಎದ್ದು ಹೋಗುತ್ತಾ?"

ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕನೇ. 'ನಿನ್ನ ಹೆರಿಗೆಗೆ ನಾನಿರ್ತೀನಿ' ಎಂದು ಮಾತು ಕೊಟ್ಟವಳೂ ಅವಳೇ. ಟಿಕೆಟು ಬೇಕೋ ಬೇಡವೋ ಅಂತ ಸಂಜೆಯೊಳಗೆ ತಂಗಿಗೆ ಹೇಳಬೇಕಿತ್ತು. ಅಕ್ಕ ಫೋನನ್ನು ಪಕ್ಕಕ್ಕೆ ಸರಿಸಿಟ್ಟಳು. ತನ್ನ ಬದಲು ಕಳಿಸಲೆಂದು ಮಗುವಿಗೊಂದು ಬಟ್ಟೆಯ ಚೆಂಡು ಹೊಲಿಯುತ್ತ ಕೂತಳು. ಭೂಮಿಯ ಚಿತ್ರ ಅಚ್ಚಾದ, ಎಲೆಯಾಕಾರದ ಎಂಟು ತುಂಡುಗಳು. ಜೋಡಿಸಿ, ಹತ್ತಿ ತುಂಬಿ, ತನ್ನೂರಿಗೊಂದು ಕೆಂಪು ಮಣಿ, ತಂಗಿಯ ಊರಿಗೊಂದು ಹಳದಿ ಮಣಿ ಹೊಲಿದಳು.

ಕೈ ಸುಮ್ಮನಿರಲಿಲ್ಲ. ಮಣಿಯಿಂದ ಮಣಿಗೆ, ಅದೇ ನೀಲಿಯ ಮೇಲೆ ಟೇಪು ಇಟ್ಟಳು. ಟೇಪಿನ ಒಂದು ಅಂಚು ಸುಕ್ಕಾಗಿ ಎದ್ದು ನಿಂತಿತು. ಅಳತೆ ತಪ್ಪಿದ ಕಾಲರು ಹೀಗೇ ಏಳುವುದು. ಬಿಗಿಯಾಗಿ ಎಳೆದಳು. ಟೇಪು ಸರ್ರನೆ ಉತ್ತರದ ಕಡೆಗೆ ಜಾರಿ, ದೇಶಗಳ ಮೇಲೆ ಹಾದು ಚೆಂಡಿನ ಮೈಗಂಟಿ ಕೂತಿತು. ಕೊನೆಯಲ್ಲಿ ಮಾತ್ರ ಒಂದಿಷ್ಟು ನೀಲಿ. ದಾರಿಯೂ ಗಿಡ್ಡವಾಗಿತ್ತು.

"ಮಾವ, ಇಲ್ಲಿ ನೋಡಿ. ಹರಡಿದ ಬಟ್ಟೆ ಮೇಲೆ ಒಂದು ಅಳತೆ, ಮೈಮೇಲೆ ಇನ್ನೊಂದು. ಗೋಡೆ ಮೇಲಿನ ನಕ್ಷೆ ಹರಡಿದ ಬಟ್ಟೆ, ಭೂಮಿ ದುಂಡಗಿನ ಮೈ. ದಿನಾ ಇದೇ ಕೆಲಸ ಮಾಡ್ತೀನಿ, ಹೊಳೀಲೇ ಇಲ್ವಲ್ಲ."

ಮಾವ ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟು ಬಂದು ಚೆಂಡನ್ನು ತಿರುಗಿಸಿ ನೋಡಿದರು. "ನಿನ್ನ ಟೇಪು ಹೋದ ಕಡೆ ವಿಮಾನವೂ ಹೋಗ್ಬೇಕಲ್ಲ ತಾಯಿ. ಹಾರಿ ಹೋದವಳು ನಿನ್ನ ತಂಗಿ, ಅವಳನ್ನೇ ಕೇಳು."

ಅಕ್ಕ ಫೋನು ಮಾಡಿದಳು.

"ನೀನು ಹೋಗುವಾಗ ಕೆಳಗೆ ಏನೇನು ಕಂಡಿತ್ತೇ?"

"ಬೆಟ್ಟ ಕಂಡಿತ್ತು ಕಣಕ್ಕ, ಬೆಳ್ಳಗೆ ಹಿಮ ಹೊದ್ಕೊಂಡು. ರಾಶಿ ರಾಶಿ. ಸಮುದ್ರ ಎಲ್ಲಿ ಹೋಯ್ತು ಅಂತ ನಂಗೇ ಆಶ್ಚರ್ಯ ಆಗಿತ್ತು. ಯಾಕೆ?"

"ಸುಮ್ನೆ ಕೇಳಿದೆ." ಅಕ್ಕ ಟೇಪನ್ನು ಸುತ್ತಿಟ್ಟಳು. "ಟಿಕೆಟ್ ಮಾಡ್ಸು."

ಆ ಕಡೆಯಿಂದ ಮೂಗು ಸೀಟುವ ಸದ್ದು ಕೇಳಿತು.

"ಅಳ್ಬೇಡ, ಕತ್ತೆ. ಬರ್ತಿದೀನಲ್ಲ."

ಮಾವ ಫೋನಿನಲ್ಲಿ ತಂಗಿಗೆ ಕೇಳುವಂತೆ ಕೂಗಿದರು, "ಇಷ್ಟು ದೊಡ್ಡ ಭೂಮೀನ ಪೆಟ್ಟಿಗೇಲಿ ಹೇಗೆ ತುರುಕ್ತಾಳೆ ಅಂತ ಕೇಳಮ್ಮ!"

"ಪೆಟ್ಟಿಗೆ ಯಾಕೆ, ತೊಡೆ ಮೇಲೆ ಇಟ್ಕೊಂಡು ಬರ್ತೀನಿ," ಎಂದಳು ಅಕ್ಕ. "ದಾರಿ ಸರಿ ಇದೆಯಾ ಅಂತ ನೋಡ್ಕೋಬೇಕಲ್ಲ. ಕಿಟಕಿ ಪಕ್ಕದ ಸೀಟೇ ಹಾಕ್ಸು ಕಣೇ."